ಓದುಗರ ಪ್ರಶ್ನೆಗೆ ಉತ್ತರ: ಕಲುಷಿತ ನೆಲದ ಶುದ್ಧೀಕರಣ ಮತ್ತು ಇಂಗಾಲದ ಲೆಕ್ಕ

ಕಲುಷಿತ ತಾಣಗಳ ನಿರ್ವಹಣೆಗಾಗಿ ಕೇಂದ್ರ ಪರಿಸರ ಸಚಿವಾಲಯವು 2025ರ ಜುಲೈ ತಿಂಗಳಲ್ಲಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದ ಮೇಲೆ ಈ ಅಂಕಣಕ್ಕೆ ಕೆಟ್ಟ ಮಣ್ಣು, ಕೆಟ್ಟ ಅಂತರ್ಜಲಗಳ ಬಗ್ಗೆ ಪತ್ರಗಳು ಬರುತ್ತಿವೆ. ಶುದ್ಧೀಕರಣದ ವಿಧಾನವನ್ನು ಆರಿಸುವಾಗ ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನು ಅಂದಾಜು ಮಾಡುವ ಪ್ರಶ್ನೆಗಳನ್ನಷ್ಟೇ ಈ ಬಾರಿ ಎತ್ತಿಕೊಂಡಿದ್ದೇನೆ. ಉತ್ತರಗಳಲ್ಲಿ ಬರುವ ಮಣ್ಣಿನ ಪ್ರಮಾಣ, ಟ್ರಿಪ್ಪುಗಳ ಸಂಖ್ಯೆ ಮೊದಲಾದವು ಉದಾಹರಣೆಗಾಗಿ ಇಟ್ಟುಕೊಂಡ ಅಳತೆಗಳು. ನಿಮ್ಮ ಜಾಗದ ಅಳತೆಗಳನ್ನು ಹಾಕಿ ಮತ್ತೆ ಗುಣಿಸಿಕೊಳ್ಳಬೇಕು.

ಪ್ರಶ್ನೆ: ನಮ್ಮ ಕಾರ್ಖಾನೆಯ ಆವರಣದಲ್ಲಿ ನೆಲದಡಿಯ ಹಳೆಯ ಡೀಸೆಲ್ ಟ್ಯಾಂಕು ಸೋರಿ ಸುಮಾರು 2,000 ಘನ ಮೀಟರ್ ಮಣ್ಣು ಕೆಟ್ಟಿದೆ. ಅಗೆದು ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಕೇಂದ್ರಕ್ಕೆ ಸಾಗಿಸಿ ಎಂದು ಒಬ್ಬ ಸಲಹೆಗಾರರು ಹೇಳುತ್ತಾರೆ. ಆವರಣದಲ್ಲೇ ರಾಶಿ ಹಾಕಿ ಸೂಕ್ಷ್ಮಜೀವಿಗಳಿಂದ ಶುದ್ಧಗೊಳಿಸಿ ಎಂದು ಇನ್ನೊಬ್ಬರು. ಎರಡರಲ್ಲಿ ಇಂಗಾಲದ ಹೊರೆ ಯಾವುದಕ್ಕೆ ಕಡಿಮೆ ಎಂದು ನಮ್ಮ ಆಡಳಿತ ವರ್ಗ ಕೇಳುತ್ತಿದೆ. ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕು? — ಚಿತ್ರದುರ್ಗದ ಓದುಗರು

ಉತ್ತರ: ಡೀಸೆಲ್‌ನಿಂದಲೇ ಆರಂಭಿಸಿ, ಆದರೆ ಮಣ್ಣಿಗೆ ಸೋರಿದ ಡೀಸೆಲ್ಲಲ್ಲ, ಟಿಪ್ಪರ್ ಕುಡಿಯುವ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಘನ ಮೀಟರಿಗೆ 1.8 ಟನ್ ಎಂದು ಹಿಡಿದರೆ ನಿಮ್ಮ ಮಣ್ಣಿನ ತೂಕ 3,600 ಟನ್. 18 ಟನ್ ಹೊರುವ ಟಿಪ್ಪರಿಗೆ ಅದು 200 ಲೋಡು. ಚಿತ್ರದುರ್ಗದಿಂದ ದಾಬಸ್‌ಪೇಟೆಗೆ ಹೆಚ್ಚುಕಡಿಮೆ 150 ಕಿ.ಮೀ. ಇದ್ದು, ಹೋಗಿಬರುವ ದಾರಿ 300 ಕಿ.ಮೀ. ಆಗುವುದರಿಂದ ಒಟ್ಟು ಓಟ 60,000 ಕಿ.ಮೀ. ತುಂಬಿದ ಮತ್ತು ಖಾಲಿ ಓಟಗಳ ಸರಾಸರಿಯಾಗಿ ಲೀಟರಿಗೆ ಮೂರೂವರೆ ಕಿ.ಮೀ. ಸಿಕ್ಕಿದರೆ ಸುಮಾರು 17,000 ಲೀಟರ್ ಡೀಸೆಲ್ ಬೇಕು, ಅಂದರೆ 46 ಟನ್ ಇಂಗಾಲದ ಡೈಆಕ್ಸೈಡ್. ಅಗೆದ ಗುಂಡಿ ತುಂಬಲು ಹೊಸ ಮಣ್ಣನ್ನು 30 ಕಿ.ಮೀ. ದೂರದಿಂದ ತರಿಸಿದರೆ ಇನ್ನೊಂದು 9 ಟನ್ ಸೇರುತ್ತದೆ. ಹಿಟಾಚಿ ಅಗೆದು, ತುಂಬಿ, ಕೊನೆಗೆ ಗುಂಡಿ ಮುಚ್ಚುವ ಕೆಲಸಕ್ಕೆಲ್ಲ ಸೇರಿ 1,000 ಲೀಟರ್ ಹಿಡಿದರೂ ಬರುವುದು 3 ಟನ್ನಿಗಿಂತ ಕಡಿಮೆ. ನೋಡುವವರ ಕಣ್ಣಿಗೆ ಅಗೆಯುವ ಯಂತ್ರವೇ ದೊಡ್ಡದಾಗಿ ಕಂಡರೂ ಲೆಕ್ಕದಲ್ಲಿ ದೊಡ್ಡದು ರಸ್ತೆ. ಒಟ್ಟು ಮೊತ್ತ 58 ಟನ್.

ಈಗ ಎರಡನೆಯ ವಿಧಾನ. ರಾಶಿಯೊಳಗೆ ರಂಧ್ರವಿರುವ ಪೈಪುಗಳನ್ನು ಹಾಸಿ ಗಾಳಿ ಹಾಯಿಸಲು 3 ಕಿಲೋವಾಟ್‌ನ ಬ್ಲೋವರ್ ಆರು ತಿಂಗಳು ಹಗಲೂ ರಾತ್ರಿ ಓಡಿದರೆ ಸುಮಾರು 13,000 ಯೂನಿಟ್ ವಿದ್ಯುತ್ ಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರವು ಪ್ರಕಟಿಸುವ ಅಂಕಿಯ ಪ್ರಕಾರ ನಮ್ಮ ದೇಶದ ಗ್ರಿಡ್‌ನ ಒಂದು ಯೂನಿಟ್‌ನ ಹಿಂದೆ ಸುಮಾರು 0.7 ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ಇರುವುದರಿಂದ ಇದು 9 ಟನ್ ಆಗುತ್ತದೆ. ಮಣ್ಣನ್ನು ಎತ್ತಿ ರಾಶಿ ಹಾಕಿ ಮರಳಿ ತುಂಬಲು 4 ಟನ್. ಜೀವಿಗಳಿಗೆ ಸಾರಜನಕ ಒದಗಿಸುವ ಯೂರಿಯಾ ಮತ್ತು ರಾಶಿಯ ಅಡಿಗೆ ಹಾಸುವ ಪ್ಲಾಸ್ಟಿಕ್ ಹೊದಿಕೆಯ ತಯಾರಿಕೆಯನ್ನು ಸೇರಿಸಿದರೆ ಒಟ್ಟು 25 ಟನ್ ಎನ್ನಬಹುದು. ಹಾಗಾದರೆ 58ರ ಎದುರು 25. ಸೂಕ್ಷ್ಮಜೀವಿಗಳೇ ಗೆದ್ದವು ಎಂದು ವರದಿ ಮುಗಿಸಲು ನಿಮ್ಮ ಸಲಹೆಗಾರರಿಗೆ ಆಸೆಯಾಗುವುದು ಸಹಜ.

ಆದರೆ ಒಂದು ಸಂಗತಿ ಉಳಿಯಿತು. ಮಣ್ಣಿನಲ್ಲಿ ಕಿಲೋಗ್ರಾಮಿಗೆ 5,000 ಮಿಲಿಗ್ರಾಂ ಡೀಸೆಲ್ ಇದೆ ಎಂದು ಹಿಡಿಯೋಣ. 3,600 ಟನ್ ಮಣ್ಣಿನಲ್ಲಿ ಅದು 18 ಟನ್. ಸೂಕ್ಷ್ಮಜೀವಿಗಳು ಅದನ್ನು ಪೂರ್ತಿ ತಿಂದು ಮುಗಿಸಿದರೆ, ಎಂಜಿನ್ನಿನಲ್ಲಿ ಉರಿದಂತೆಯೇ, ಪ್ರತಿ ಕಿಲೋಗ್ರಾಮಿಗೆ 3 ಕಿ.ಗ್ರಾಂಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಒಟ್ಟು 57 ಟನ್. ಇದು ಭೂಗರ್ಭದ ತೈಲದಿಂದ ಬಂದ ಇಂಗಾಲವಾದ್ದರಿಂದ, ಗಿಡಮರಗಳು ಗಾಳಿಯಿಂದಲೇ ಹೀರಿಕೊಂಡ ಇಂಗಾಲ ಎಂದು ಸೌದೆಯ ಹೊಗೆಯನ್ನು ಲೆಕ್ಕದಿಂದ ಬಿಡುವಂತೆ ಇದನ್ನು ಬಿಡಲಾಗದು. ಇದನ್ನು ಸೇರಿಸಿದ ಕೂಡಲೇ ಎರಡನೆಯ ವಿಧಾನದ ಮೊತ್ತ 82 ಟನ್ನಿಗೆ ಏರಿ ಫಲಿತಾಂಶ ತಲೆಕೆಳಗಾಗುತ್ತದೆ.

ಹಾಗೆಂದು ಮಣ್ಣನ್ನು ದೂರ ಸಾಗಿಸಿ ಹೂಳುವುದೇ ಹವಾಮಾನಕ್ಕೆ ಒಳ್ಳೆಯದು ಎಂಬ ತೀರ್ಮಾನ ಸರಿಯೇ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಹೂತ ಡೀಸೆಲ್ ಮಾಯವಾಗಿಲ್ಲ. ಅದು ನಿಧಾನವಾಗಿ ಕೊಳೆಯುತ್ತದೆ, ಗಾಳಿಯಿಲ್ಲದ ಕಡೆ ಅದರ ಒಂದಂಶ ಮೀಥೇನ್ ಆಗಬಹುದು, ಮತ್ತು ಮೀಥೇನ್ ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್‌ನ ಸುಮಾರು 28 ಪಟ್ಟು ಶಾಖ ಹಿಡಿಯುವ ಅನಿಲ. ಒಂದು ವಿಧಾನದಲ್ಲಿ ಆರು ತಿಂಗಳಲ್ಲಿ ಹೊರಬರುವುದನ್ನು ಎಣಿಸಿ, ಇನ್ನೊಂದರಲ್ಲಿ ದಶಕಗಳಲ್ಲಿ ಹೊರಬರುವುದನ್ನು ಎಣಿಸದೆ ಬಿಟ್ಟರೆ ತಕ್ಕಡಿಯ ಎರಡು ತಟ್ಟೆಗಳಿಗೆ ಬೇರೆಬೇರೆ ಬಟ್ಟು ಹಾಕಿದಂತಾಗುತ್ತದೆ. ಆದ್ದರಿಂದ ಕೆಲಸದ ಹೊರಸೂಸುವಿಕೆ ಮತ್ತು ಮಾಲಿನ್ಯಕಾರಕ ವಸ್ತುವಿನ ಹೊರಸೂಸುವಿಕೆ, ಇವೆರಡನ್ನೂ ವರದಿಯಲ್ಲಿ ಬೇರೆಬೇರೆ ಕಾಲಂಗಳಲ್ಲಿ ತೋರಿಸಿ, ಎರಡನೆಯದನ್ನು ಎಲ್ಲ ವಿಧಾನಗಳಿಗೂ ಒಂದೇ ಅವಧಿಗೆ ಲೆಕ್ಕಹಾಕಲು ನಿಮ್ಮ ಸಲಹೆಗಾರರಿಗೆ ತಿಳಿಸಿ. ಹಾಗೆ ಮಾಡಿದರೆ ಆವರಣದಲ್ಲೇ ಶುದ್ಧಗೊಳಿಸುವ ವಿಧಾನಕ್ಕೆ ಸಾಮಾನ್ಯವಾಗಿ ಅನುಕೂಲ ಉಳಿಯುತ್ತದೆ. ಅದೂ ಅಲ್ಲದೆ, ನಿಮ್ಮ ಕಾರ್ಖಾನೆ ತುಮಕೂರಿನಲ್ಲಿದ್ದಿದ್ದರೆ ರಸ್ತೆಯ ಪಾಲು ತೀರಾ ಕುಗ್ಗುತ್ತಿತ್ತು. ರಾಯಚೂರಿನಲ್ಲಿದ್ದಿದ್ದರೆ ಎರಡು ಪಟ್ಟಿಗೂ ಮೀರುತ್ತಿತ್ತು. ಬೇರೆ ಊರಿನ ವರದಿಯ ತೀರ್ಮಾನವನ್ನು ಎತ್ತಿ ತಂದು ಇಲ್ಲಿ ಅಂಟಿಸಲು ಬಾರದು.

ಪ್ರಶ್ನೆ: ನಮ್ಮ ಮಣ್ಣಿನಲ್ಲಿರುವುದು ತೈಲವಲ್ಲ, ಎಲೆಕ್ಟ್ರೋಪ್ಲೇಟಿಂಗ್ ಘಟಕದಿಂದ ಬಂದ ಕ್ರೋಮಿಯಂ. ಮಣ್ಣನ್ನು ಎಲ್ಲಿಗೂ ಸಾಗಿಸದೆ ಸಿಮೆಂಟ್ ಬೆರೆಸಿ ಅಲ್ಲೇ ಗಟ್ಟಿ ಮಾಡಿದರೆ ಸಾಗಣೆಯೇ ಇಲ್ಲದ್ದರಿಂದ ಹೊರಸೂಸುವಿಕೆಯೂ ಇಲ್ಲ ಎನ್ನಬಹುದಲ್ಲವೇ? — ಪೀಣ್ಯದ ಓದುಗರು

ಉತ್ತರ: ಎನ್ನಲಾಗದು. ಸಾಗಣೆಯ ಹೊಗೆ ನಿಮ್ಮ ಗೇಟಿನ ಮುಂದೆ ಕಾಣುತ್ತದೆ. ಸಿಮೆಂಟಿನದು ಕಲಬುರಗಿ ಜಿಲ್ಲೆಯ ಯಾವುದೋ ಗೂಡಿನಲ್ಲಿ ಮೊದಲೇ ಹೊರಬಿದ್ದಿರುತ್ತದೆ. ಸುಣ್ಣದ ಕಲ್ಲನ್ನು ಕಾಯಿಸಿದಾಗ ಉರುವಲಿನಿಂದಷ್ಟೇ ಅಲ್ಲ, ಕಲ್ಲಿನೊಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಹಾರುಬೂದಿ ಅಥವಾ ಸ್ಲ್ಯಾಗ್ (ಕುಲುಮೆಯ ಕಿಟ್ಟ) ಎಷ್ಟು ಬೆರೆತಿದೆ ಎಂಬುದನ್ನು ಅವಲಂಬಿಸಿ ಒಂದು ಟನ್ ಸಿಮೆಂಟಿಗೆ 0.6ರಿಂದ 0.8 ಟನ್ ಎಂದು ಹಿಡಿಯಬಹುದು. ಮೇಲಿನ ಉದಾಹರಣೆಯ 3,600 ಟನ್ ಮಣ್ಣಿಗೆ ಶೇ 10ರಷ್ಟು ಸಿಮೆಂಟ್ ಬೆರೆಸಿದರೆ 360 ಟನ್ ಸಿಮೆಂಟ್ ಬೇಕು, ಅದರ ಹೊರೆ 216ರಿಂದ 288 ಟನ್. ಅದೇ ಮಣ್ಣನ್ನು 150 ಕಿ.ಮೀ. ಸಾಗಿಸಿ ಗುಂಡಿ ತುಂಬಿಸಲು ಆದದ್ದು 58 ಟನ್.

ಇಲ್ಲಿಯೂ ಒಂದು ಎಚ್ಚರ ಬೇಕು. ವಿಲೇವಾರಿ ಕೇಂದ್ರದವರು ಲೋಹವಿರುವ ತ್ಯಾಜ್ಯವನ್ನು ಹಾಗೆಯೇ ಹೂಳುವುದಿಲ್ಲ. ಲೋಹ ನೀರಿಗೆ ಬಿಡದಂತೆ ಮೊದಲು ಸಿಮೆಂಟೋ ಸುಣ್ಣವೋ ಬೆರೆಸಿ ಸ್ಥಿರಗೊಳಿಸುತ್ತಾರೆ. ಅಲ್ಲಿ ಬಳಸುವ ಪ್ರಮಾಣವನ್ನು ಕೇಳಿ ಪಡೆದು ಸಾಗಣೆಯ ಲೆಕ್ಕಕ್ಕೆ ಸೇರಿಸದಿದ್ದರೆ ನಿಮ್ಮ ಹೋಲಿಕೆ ಮೋಸದ ಹೋಲಿಕೆಯಾಗುತ್ತದೆ. ನಿಜವಾಗಿ ಹೊರೆ ಇಳಿಸುವ ದಾರಿ ಬೇರೆ ಇದೆ. ಷಟ್ಸಂಯೋಗಿ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಹರಿದಾಡುವ ವಿಷ. ಫೆರಸ್ ಸಲ್ಫೇಟಿನಂಥ ರಾಸಾಯನಿಕದಿಂದ ಅದನ್ನು ತ್ರಿಸಂಯೋಗಿ ರೂಪಕ್ಕೆ ಇಳಿಸಿದರೆ ಅದು ಮಣ್ಣಿನಲ್ಲೇ ಕಚ್ಚಿ ನಿಲ್ಲುತ್ತದೆ, ಬಳಿಕ ಬೇಕಾಗುವ ಸಿಮೆಂಟ್ ಕಡಿಮೆಯಾಗಬಹುದು. ಸಿಮೆಂಟಿನ ಒಂದು ಭಾಗದ ಬದಲಿಗೆ ತೋರಣಗಲ್ಲಿನ ಕಡೆಯ ಉಕ್ಕಿನ ಕುಲುಮೆಗಳ ಸ್ಲ್ಯಾಗ್ ಪುಡಿಯನ್ನು ಬಳಸಬಹುದೇ ಎಂದು ಪ್ರಯೋಗಾಲಯದಲ್ಲಿ ಸಣ್ಣ ಪ್ರಮಾಣದಲ್ಲಿ ಬೆರೆಸಿ ಪರೀಕ್ಷಿಸಿ ನೋಡಿ. ಶೇ 10 ಎಂಬುದನ್ನು ಶೇ 6ಕ್ಕೆ ಇಳಿಸಿದ ಒಂದು ಪರೀಕ್ಷೆ, ಟಿಪ್ಪರುಗಳ ಓಟದಲ್ಲಿ ನೀವು ಮಾಡಬಹುದಾದ ಯಾವ ಉಳಿತಾಯಕ್ಕಿಂತಲೂ ಹೆಚ್ಚು ಉಳಿಸುತ್ತದೆ.

ಪ್ರಶ್ನೆ: ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಅಂತರ್ಜಲಕ್ಕೆ ಇಳಿದಿರುವ ಜಾಗಕ್ಕೆ ಮೂರು ಪ್ರಸ್ತಾವಗಳು ಬಂದಿವೆ: ನೀರನ್ನು ಮೇಲೆತ್ತಿ ಶುದ್ಧಗೊಳಿಸುವುದು, ನೆಲವನ್ನು ವಿದ್ಯುತ್ತಿನಿಂದ ಕಾಯಿಸಿ ದ್ರಾವಕವನ್ನು ಆವಿಯಾಗಿಸುವುದು, ಕಾಕಂಬಿಯನ್ನು ನೆಲದೊಳಗೆ ಹಾಯಿಸಿ ದ್ರಾವಕವನ್ನು ಒಡೆಯುವ ಸೂಕ್ಷ್ಮಜೀವಿಗಳನ್ನು ಬೆಳೆಸುವುದು. ಕಾಯಿಸುವ ವಿಧಾನಕ್ಕೆ ವಿದ್ಯುತ್ ವಿಪರೀತ ಎಂದು ಅದನ್ನು ಮೊದಲೇ ಕೈಬಿಡುವುದು ಸರಿಯೇ? — ಮೈಸೂರಿನ ಓದುಗರು

ಉತ್ತರ: ಗುಣಾಕಾರ ಮಾಡದೆ ಕೈಬಿಡಬೇಡಿ. ಒಂದು ಘನ ಮೀಟರ್ ನೆಲದಲ್ಲಿ 1,600 ಕಿ.ಗ್ರಾಂ ಒಣಮಣ್ಣು, 300 ಕಿ.ಗ್ರಾಂ ನೀರು ಇದೆಯೆನ್ನಿ. 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಮಣ್ಣಿಗೆ ಸುಮಾರು 27 ಯೂನಿಟ್, ನೀರಿಗೆ 26 ಯೂನಿಟ್ ಸಾಕು. ಆದರೆ ಆ ನೀರೆಲ್ಲ ಆವಿಯಾಗಬೇಕಾದರೆ ಇನ್ನೂ 190 ಯೂನಿಟ್ ಬೇಕು. ಶಾಖದ ಬಹುಪಾಲನ್ನು ನೀರೇ ನುಂಗುತ್ತದೆ. ಅಕ್ಕಪಕ್ಕದ ನಷ್ಟವನ್ನು ಸೇರಿಸಿ ಘನ ಮೀಟರಿಗೆ 300 ಯೂನಿಟ್ ಹಿಡಿದರೆ, 2,000 ಘನ ಮೀಟರಿಗೆ 6 ಲಕ್ಷ ಯೂನಿಟ್, ಅಂದರೆ 420 ಟನ್ ಇಂಗಾಲದ ಡೈಆಕ್ಸೈಡ್. ಕೇಳಿದೊಡನೆ ಹೆದರಿಕೆಯಾಗುವ ಸಂಖ್ಯೆಯೇ ಸರಿ.

ಈಗ ನೀರೆತ್ತುವುದನ್ನು ನೋಡಿ. ಕೊಳವೆಬಾವಿಯ ಮೋಟಾರು ಮತ್ತು ಬ್ಲೋವರ್ ಸೇರಿ 5 ಕಿಲೋವಾಟ್, ತೋಟದ ಪಂಪ್‌ಸೆಟ್ಟಿನಷ್ಟೇ. ಆದರೆ ಇಂಥ ಘಟಕಗಳು ಒಂದೆರಡು ವರ್ಷಕ್ಕೆ ನಿಲ್ಲುವುದಿಲ್ಲ. ಅಂತರ್ಜಲ ಮಟ್ಟದ ಕೆಳಗೆ ಉಳಿದ ದ್ರಾವಕ ಸ್ವಲ್ಪ ಸ್ವಲ್ಪವಾಗಿ ಕರಗಿ ಬರುತ್ತಲೇ ಇರುತ್ತದೆ. 15 ವರ್ಷ ಬಿಡುವಿಲ್ಲದೆ ಓಡಿದರೆ 6.57 ಲಕ್ಷ ಯೂನಿಟ್, 460 ಟನ್. ನೀರನ್ನು ಸೋಸಲು ಬಳಸುವ ಸಕ್ರಿಯ ಇಂಗಾಲದ ತಯಾರಿಕೆ ಇದರಲ್ಲಿ ಸೇರಿಲ್ಲ, ಕಲ್ಲಿದ್ದಲಿನಿಂದ ಮಾಡಿದ್ದಾದರೆ ಅದರ ಹೊರೆಯೂ ಸಣ್ಣದಲ್ಲ. ಕೆಲವು ತಿಂಗಳ ಕಾಯಿಸುವಿಕೆಯೂ 15 ವರ್ಷಗಳ ಸಣ್ಣ ಮೋಟಾರೂ ಕೊನೆಗೆ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತವು. ಒಂದರ ಬಿಲ್ಲು ಒಮ್ಮೆಗೇ ಬರುತ್ತದೆ, ಇನ್ನೊಂದರದು ತಿಂಗಳು ತಿಂಗಳು ಬರುತ್ತದೆ ಎಂಬುದಷ್ಟೇ ಕಣ್ಣಿಗೆ ಕಾಣುವ ವ್ಯತ್ಯಾಸ.

ಎರಡು ತಿದ್ದುಪಡಿಗಳು ನ್ಯಾಯವಾಗಿ ಬರಬೇಕು. ಸೌರ ಮತ್ತು ಪವನ ವಿದ್ಯುತ್ ಹೆಚ್ಚಿದಂತೆ ಗ್ರಿಡ್‌ನ 0.7 ಎಂಬ ಅಂಕಿ ಮುಂದಿನ ವರ್ಷಗಳಲ್ಲಿ ಇಳಿಯುವುದರಿಂದ 15 ವರ್ಷಗಳ ಲೆಕ್ಕಕ್ಕೆ ಇಂದಿನ ಅಂಕಿಯನ್ನೇ ಹಾಕಿದರೆ ನೀರೆತ್ತುವ ವಿಧಾನದ ಹೊರೆ ಅತಿಯಾಗಿ ಕಾಣುತ್ತದೆ; 5 ಕಿಲೋವಾಟ್‌ನ ಬಹುಪಾಲನ್ನು ಛಾವಣಿಯ ಸೌರ ಫಲಕಗಳಿಂದ ಪಡೆಯಲೂಬಹುದು. ಇನ್ನೊಂದೆಡೆ, ನೀರಿನೊಂದಿಗೆ ಕೂಡಿದಾಗ ಟ್ರೈಕ್ಲೋರೋಎಥಿಲೀನ್ 100 ಡಿಗ್ರಿಗಿಂತ ಸಾಕಷ್ಟು ಕೆಳಗೇ, ಸುಮಾರು 73 ಡಿಗ್ರಿಯಲ್ಲೇ ಕುದಿಯತೊಡಗುವುದರಿಂದ ನೀರನ್ನೆಲ್ಲ ಆವಿಯಾಗಿಸುವ ಅಗತ್ಯ ಬೀಳದೆ ಕಾಯಿಸುವ ವಿದ್ಯುತ್ತೂ ಗಣನೀಯವಾಗಿ ಇಳಿಯಬಹುದು. ಕಾಯಿಸಬೇಕಾದ ಜಾಗದ ಗಡಿಯನ್ನು ಹೆಚ್ಚು ಕೊರೆತಗಳಿಂದ ನಿಖರವಾಗಿ ಗುರುತಿಸಿ 2,000 ಘನ ಮೀಟರನ್ನು 1,200ಕ್ಕೆ ಇಳಿಸಿದರೆ ಅದು ಎಲ್ಲಕ್ಕಿಂತ ದೊಡ್ಡ ಉಳಿತಾಯ. ಸಮೀಕ್ಷೆಗೆ ಹಣ ಉಳಿಸಿ ಶುದ್ಧೀಕರಣದಲ್ಲಿ ಕಳೆಯುವುದನ್ನು ನಮ್ಮಲ್ಲಿ ಯಥೇಚ್ಛವಾಗಿ ನೋಡುತ್ತೇವೆ.

ಕಾಕಂಬಿಗೆ ವಿದ್ಯುತ್ ಹೆಚ್ಚು ಬೇಕಿಲ್ಲ, ಅದರ ಇಂಗಾಲವೂ ಕಬ್ಬಿನಿಂದ ಬಂದದ್ದು. ಆದರೆ ಗಾಳಿಯಿಲ್ಲದ ನೆಲದಲ್ಲಿ ಅದು ಹುದುಗಿದಾಗ ಮೀಥೇನ್ ಹುಟ್ಟುತ್ತದೆ, ಕಬ್ಬಿನದೇ ಆದರೂ ಮೀಥೇನ್ ಅನ್ನು ಎಣಿಸಲೇಬೇಕು. 20 ಟನ್ ಕಾಕಂಬಿಯಲ್ಲಿ ಅರ್ಧದಷ್ಟು ಸಕ್ಕರೆ ಇದ್ದು ಅದೆಲ್ಲವೂ ಮೀಥೇನ್ ದಾರಿ ಹಿಡಿದರೆ ಹೆಚ್ಚೆಂದರೆ 2.7 ಟನ್ ಮೀಥೇನ್, 28ರಿಂದ ಗುಣಿಸಿ ಇಂಗಾಲದ ಡೈಆಕ್ಸೈಡ್‌ನ ಲೆಕ್ಕಕ್ಕೆ ತಂದರೆ ಸುಮಾರು 75 ಟನ್. ಮೇಲ್ಮಣ್ಣಿನ ಜೀವಿಗಳು ಅದರಲ್ಲೊಂದು ಪಾಲನ್ನು ಉಸಿರಾಡಿ ಮುಗಿಸುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆಯೇ ಇರುತ್ತದೆ. ಇಂಗಾಲದ ದೃಷ್ಟಿಯಿಂದ ಮೂರರಲ್ಲಿ ಇದೇ ಹಗುರ. ಆದರೆ ಟ್ರೈಕ್ಲೋರೋಎಥಿಲೀನ್ ಒಡೆಯುವ ಕೆಲಸ ನಡುವಿನಲ್ಲೇ ನಿಂತರೆ ವಿನೈಲ್ ಕ್ಲೋರೈಡ್ ಉಳಿಯುತ್ತದೆ, ಅದು ಮೂಲ ದ್ರಾವಕಕ್ಕಿಂತ ಹೆಚ್ಚು ವಿಷಕಾರಿ. ಕೊನೆಯವರೆಗೂ ಒಡೆಯುವ ಜೀವಿಗಳು ನಿಮ್ಮ ನೆಲದಲ್ಲಿವೆಯೇ ಎಂಬುದು ಪರೀಕ್ಷೆಯಿಂದ ಖಚಿತವಾಗುವವರೆಗೆ ಈ ಹಗುರತನಕ್ಕೆ ಬೆಲೆಯಿಲ್ಲ.

ಪ್ರಶ್ನೆ: ಈ ಲೆಕ್ಕಕ್ಕೆ ಸಿದ್ಧ ತಂತ್ರಾಂಶಗಳಿವೆಯೇ? — ಹುಬ್ಬಳ್ಳಿಯ ಓದುಗರು

ಉತ್ತರ: ಇವೆ, ಮತ್ತು ಅವು ಸರಳ ಎಕ್ಸೆಲ್ ಹಾಳೆಗಳೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ‘ಸೆಫಾ’, ಅಲ್ಲಿನ ನೌಕಾಪಡೆ ಮತ್ತು ಸೇನೆಯ ಎಂಜಿನಿಯರುಗಳು ಬ್ಯಾಟೆಲ್ ಸಂಸ್ಥೆಯೊಂದಿಗೆ ರೂಪಿಸಿದ ‘ಸೈಟ್‌ವೈಸ್’ ಇವೆರಡೂ ಉಚಿತ. ಬ್ರಿಟನ್ನಿನಲ್ಲಿ 2010ರಲ್ಲಿ ಬಂದ ಸರ್ಫ್-ಯುಕೆ ಚೌಕಟ್ಟು ಮತ್ತು 2017ರ ಐಎಸ್‌ಒ 18504 ಮಾನದಂಡ ಇಂಗಾಲದ ಜೊತೆಗೆ ಸಾಮಾಜಿಕ ಮತ್ತು ಆರ್ಥಿಕ ಅಂಶಗಳನ್ನೂ ಪರಿಗಣಿಸುತ್ತವೆ. ಅಮೆರಿಕದ ಹಾಳೆಗಳಲ್ಲಿ ವಿದ್ಯುತ್, ಸಿಮೆಂಟ್, ವಾಹನಗಳ ಅಂಕಿಗಳು ಅಲ್ಲಿನವೇ ಆಗಿರುತ್ತವೆ. ಅವನ್ನು ಅಳಿಸಿ ನಮ್ಮ ಗ್ರಿಡ್ ಮತ್ತು ನಮ್ಮ ಟಿಪ್ಪರುಗಳ ಅಂಕಿಗಳನ್ನು ತುಂಬಿದ ಬಳಿಕವೇ ಉತ್ತರವನ್ನು ನಂಬಬೇಕು.

ಪ್ರಶ್ನೆ: ನಾನು ಕೆಜಿಎಫ್‌ನವನು. ಸಯನೈಡ್ ದಿಬ್ಬಗಳ ದೂಳು ಗಾಳಿಕಾಲದಲ್ಲಿ ನಮ್ಮ ಮನೆಗಳಿಗೆ ಬರುತ್ತದೆ. ಇಂಗಾಲದ ಲೆಕ್ಕ ಎಂದರೆ ಏನನ್ನೂ ಮಾಡದೆ ಇರಲು ಸಿಕ್ಕ ಹೊಸ ನೆಪವಲ್ಲವೇ? ಏನೂ ಮಾಡದಿದ್ದರೆ ಹೊರಸೂಸುವಿಕೆ ಸೊನ್ನೆ! — ಕೋಲಾರ ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದು. ಜನರ ಆರೋಗ್ಯವನ್ನು ಕಾಪಾಡುವ ಮಟ್ಟವನ್ನು ಮುಟ್ಟುವ ವಿಧಾನಗಳ ನಡುವೆ ಆರಿಸಲು ಮಾತ್ರ ಇಂಗಾಲದ ಲೆಕ್ಕ ಬೇಕು. ಆ ಮಟ್ಟವನ್ನು ಮುಟ್ಟದ ವಿಧಾನಕ್ಕೆ ಈ ಸ್ಪರ್ಧೆಯಲ್ಲಿ ಪ್ರವೇಶವೇ ಇರಬಾರದು. ಹಸಿರು ಶುದ್ಧೀಕರಣದ ಬಗ್ಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ಕೈಪಿಡಿ ಪ್ರಕಟಿಸಿದಾಗಲೂ ಶುದ್ಧೀಕರಣದ ಗುರಿಯನ್ನು ಸಡಿಲಿಸುವ ಮಾತಾಡಲಿಲ್ಲ, ಗುರಿ ಮುಟ್ಟುವ ದಾರಿಯ ಹೊರೆಯನ್ನು ಇಳಿಸುವ ಮಾತಾಡಿತು.

ನಿಮ್ಮ ಊರಿನ ಮಟ್ಟಿಗೆ ಲೆಕ್ಕ ಉಪಯೋಗಕ್ಕೆ ಬರುವುದು ಹೀಗೆ. 2001ರಲ್ಲಿ ಮುಚ್ಚಿದ ಗಣಿಗಳು ಸಯನೈಡ್ ಬಳಸಿ ಚಿನ್ನ ತೆಗೆದು ಬಿಟ್ಟುಹೋದ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಮರಳುಪುಡಿ ಇದೆ. ಮೇಲಿನ ಟಿಪ್ಪರಿನ ಲೆಕ್ಕದಲ್ಲಿ ಒಂದು ಟನ್ನನ್ನು ಒಂದು ಕಿ.ಮೀ. ದೂರಕ್ಕೆ ಒಯ್ಯಲು, ಖಾಲಿ ಮರಳುವುದೂ ಸೇರಿ, 85 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅಷ್ಟನ್ನೂ ಕೇವಲ 10 ಕಿ.ಮೀ. ಆಚೆ ಹಾಕಲು 28,000 ಟನ್ ಹೊರಸೂಸಬೇಕು, ಆಮೇಲೂ ದೂಳು ಇನ್ನೊಂದು ಊರಿನದಾಗುತ್ತದೆ. ಇದಕ್ಕೆದುರಾಗಿ ದಿಬ್ಬದ ಇಳಿಜಾರನ್ನು ತಗ್ಗಿಸಿ, ಮಣ್ಣು ಹೊದಿಸಿ, ಬೇರು ಬಿಡುವ ಗಿಡಹುಲ್ಲು ಹಿಡಿಸುವುದಕ್ಕೆ ಇದರ ಸಣ್ಣ ಪಾಲು ಸಾಕು. ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವವೂ ಇರುವುದರಿಂದ, ಅದನ್ನು ‘ಶುದ್ಧೀಕರಣ’ ಎಂದು ಕರೆದರೆ ಅಗೆತ, ಅರೆತ, ಹೊಸ ಸಯನೈಡ್, ಉಳಿದ ಪುಡಿಯನ್ನು ಮತ್ತೆ ಹಾಕುವ ಜಾಗ ಎಲ್ಲವೂ ಅದರ ಲೆಕ್ಕಕ್ಕೆ ಸೇರಬೇಕೆಂದು ಊರಿನವರು ಕೇಳಬಹುದು.

ಇದಕ್ಕೆ ತದ್ವಿರುದ್ಧ ಉದಾಹರಣೆ ಭೋಪಾಲ್. ಯೂನಿಯನ್ ಕಾರ್ಬೈಡ್ ಆವರಣದ 337 ಟನ್ ತ್ಯಾಜ್ಯವನ್ನು 2025ರ ಜನವರಿಯಲ್ಲಿ 12 ಕಂಟೇನರುಗಳಲ್ಲಿ ಸುಮಾರು 250 ಕಿ.ಮೀ. ದೂರದ ಪೀಥಂಪುರಕ್ಕೆ ಒಯ್ದಾಗ ಆ ಲಾರಿಗಳ ಹೊರಸೂಸುವಿಕೆ ಹತ್ತು ಟನ್ನನ್ನೂ ದಾಟಿರಲಾರದು. ಅಲ್ಲಿ ಚರ್ಚೆಯಾಗಬೇಕಿದ್ದುದು ಸುಡುವಾಗಿನ ಸುರಕ್ಷತೆ. ಸುಡುವಾಗ ಸುಣ್ಣ ಮೊದಲಾದುವನ್ನು ಬೆರೆಸಿದ್ದರಿಂದ ಮೂಲಕ್ಕಿಂತ ಹೆಚ್ಚು ತೂಕದ ಬೂದಿ ಉಳಿಯಿತು. ಭೋಪಾಲಿನ ಮಣ್ಣು ಮತ್ತು ಅಂತರ್ಜಲದ ಶುದ್ಧೀಕರಣವಂತೂ ಬೇರೆಯೇ ಕೆಲಸ. ಆದರೆ 2012ರಲ್ಲಿ ಇದೇ ತ್ಯಾಜ್ಯವನ್ನು ವಿಮಾನದಲ್ಲಿ ಜರ್ಮನಿಗೆ ಕಳುಹಿಸುವ ಮಾತುಕತೆ ನಡೆದು ಮುರಿದುಬಿತ್ತು. ಸುಮಾರು 6,500 ಕಿ.ಮೀ. ವಿಮಾನಯಾನಕ್ಕೆ, ಟನ್ನಿಗೆ ಕಿ.ಮೀ. ಒಂದಕ್ಕೆ ಅರ್ಧ ಕಿಲೋಗ್ರಾಂ ಎಂಬ ಉದಾರ ಅಂದಾಜಿನಲ್ಲೂ, ಹೊರಸೂಸುವಿಕೆ ಸಾವಿರ ಟನ್ ದಾಟುತ್ತಿತ್ತು. ಲಾರಿಯ ಪ್ರಸ್ತಾವದಲ್ಲಿ ಇಂಗಾಲದ ಅಧ್ಯಾಯವನ್ನು ಒಂದು ಸಾಲಿನಲ್ಲಿ ಮುಗಿಸಬಹುದಿತ್ತು, ವಿಮಾನದ ಪ್ರಸ್ತಾವದಲ್ಲಿ ಅದನ್ನು ಮೇಜಿನ ಮೇಲೆ ಇಡಬೇಕಿತ್ತು.

ಪ್ರಶ್ನೆ: ಎರಡು ವಿಧಾನಗಳ ನಡುವೆ ಎಷ್ಟು ಅಂತರವಿದ್ದರೆ ಒಂದನ್ನು ಗೆದ್ದಿತೆನ್ನಬಹುದು? — ಶಿವಮೊಗ್ಗದ ಓದುಗರು

ಉತ್ತರ: ಟಿಪ್ಪರಿನ ಮೈಲೇಜು, ಮಣ್ಣಿನ ತೇವ, ಪಂಪು ಓಡಬೇಕಾದ ವರ್ಷಗಳು, ಇವೆಲ್ಲ ಮೊದಲೇ ಖಚಿತವಾಗಿ ತಿಳಿಯುವಂಥವಲ್ಲ. ಆದ್ದರಿಂದ ಕಾಲು ಭಾಗದಷ್ಟು ಅಂತರವಿದ್ದರೆ ನಾನು ಎರಡನ್ನೂ ಸಮವೆಂದೇ ಎಣಿಸಿ, ಖರ್ಚು, ಅವಧಿ, ಅಕ್ಕಪಕ್ಕದವರಿಗಾಗುವ ತೊಂದರೆಗಳ ಮೇಲೆ ತೀರ್ಮಾನಿಸಲು ಹೇಳುತ್ತೇನೆ. ಎರಡು ಮೂರು ಪಟ್ಟು ಅಂತರವಿದ್ದರೆ ಮಾತು ಬೇರೆ. ಪ್ರತಿ ವಿಧಾನಕ್ಕೂ ಒಂದೇ ಸಂಖ್ಯೆಯ ಬದಲು ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಕೊಡಿ. ಗುತ್ತಿಗೆಯ ಕರಾರಿನಲ್ಲಿಯೇ ಡೀಸೆಲ್ ಬಿಲ್ಲು, ಲೋಡಿನ ಚೀಟಿ, ವಿದ್ಯುತ್ ಮೀಟರಿನ ಓದು, ಸಿಮೆಂಟಿನ ಚೀಲಗಳ ಲೆಕ್ಕವನ್ನು ತಿಂಗಳು ತಿಂಗಳು ಒಪ್ಪಿಸಬೇಕೆಂದು ಬರೆಸಿಕೊಂಡರೆ ಕೆಲಸ ಮುಗಿದಾಗ ಅಂದಾಜನ್ನು ವಾಸ್ತವದೊಂದಿಗೆ ಹೋಲಿಸಬಹುದು, ಮತ್ತು ನಿಮ್ಮ ಜಿಲ್ಲೆಯ ಮುಂದಿನ ತಾಣಕ್ಕೆ ಅಮೆರಿಕದ ಹಾಳೆಯ ಅಂಕಿಗಳನ್ನು ಎರವಲು ತರಬೇಕಾಗುವುದಿಲ್ಲ.